ಹೊರನೀರಿನ ಶೋಧಕ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತುಂಬುವ ಸಾಣಾಪುರದ ಕೆರೆಯಲ್ಲಿ ತೇಲುವ ಹರಿಗೋಲಿಗೆ ಎಂಜಿನ್ ಇಲ್ಲದಿರುವುದರಿಂದ ನೀರಿನೊಳಗಿನ ಕಸದ ಭಯವೂ ಇಲ್ಲ. ಕರಾವಳಿಯ ಮಲ್ಪೆ, ಮಂಗಳೂರುಗಳಂಥ ಬಂದರುಗಳ ಯಾಂತ್ರಿಕ ದೋಣಿಗಳ ಸ್ಥಿತಿ ಬೇರೆ. ದೋಣಿಯೊಳಗೇ ಎಂಜಿನ್ ಕೂರಿಸಿದ ಅನೇಕ ಕಡೆ, ತಳದ ರಂಧ್ರದಿಂದ ಪಂಪು ಎಳೆದುಕೊಳ್ಳುವ ಹೊರನೀರು ಶಾಖ ವಿನಿಮಯಕದಲ್ಲಿ, ಎಂದರೆ ಎಂಜಿನ್ನಿನ ಬಿಸಿಯನ್ನು ತಾನು ಹೀರಿಕೊಳ್ಳುವ ಕೊಳವೆಗಳ ಸಾಧನದಲ್ಲಿ, ಹಾದು ಮರಳಿ ಹೊರಬೀಳುತ್ತದೆ. ಈ ದಾರಿಯಲ್ಲಿ ಜೆಲ್ಲಿಮೀನು, ಪಾಚಿ ಅಥವಾ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೆ ನೀರಿನ ಹರಿವು ಕುಗ್ಗಿ, ಪಂಪಿನ ರಬ್ಬರ್ ಚಕ್ರ ಒಣಗಿ ಹರಿದು, ಎಂಜಿನ್ ಕಾದು ನಿಲ್ಲಬಹುದಾದ್ದರಿಂದ ಪಂಪಿಗೆ ಮುಂಚೆ ಜರಡಿಬುಟ್ಟಿಯುಳ್ಳ ಶೋಧಕವನ್ನು ಅಳವಡಿಸುತ್ತಾರೆ.

ಸಾಮಾನ್ಯ ಶೋಧಕವನ್ನು ತೊಳೆಯಬೇಕಾದರೆ ಎಂಜಿನ್ ನಿಲ್ಲಿಸಿ, ತಳದ ಕವಾಟ ಮುಚ್ಚಿ, ಬುಟ್ಟಿಯನ್ನು ಎತ್ತಬೇಕು. ಅಲೆಗಳ ನಡುವೆ ಇದು ಹೇಳಿದಷ್ಟು ಸುಲಭವಲ್ಲ. ಸ್ವಯಂಶುದ್ಧಿಯ ಶೋಧಕಗಳಲ್ಲಿ, ಜರಡಿಯ ಎರಡು ಬದಿಗಳ ಒತ್ತಡದ ವ್ಯತ್ಯಾಸ ನಿಗದಿತ ಮಿತಿ ದಾಟಿದಾಗ ತಿರುಗುವ ಕುಂಚವೊಂದು ಕಸವನ್ನು ಕೆರೆಯುತ್ತದೆ, ಇಲ್ಲವೇ ನೀರು ಹಿಮ್ಮುಖವಾಗಿ ಹರಿದು ಅದನ್ನು ಹೊರದಬ್ಬುತ್ತದೆ. ಆದರೆ ಚಲಿಸುವ ಭಾಗಗಳು ಹೆಚ್ಚಿದಷ್ಟೂ ಕೆಡುವ ಭಾಗಗಳೂ ಹೆಚ್ಚುವುದರಿಂದ, ಚಿಕ್ಕ ದೋಣಿಗೆ ಕೈಯಿಂದ ತೊಳೆಯುವ ಬುಟ್ಟಿಯೇ ಮೇಲೆನ್ನಬೇಕು; ಜರಡಿಯ ಕಣ್ಣಿಗಿಂತ ಸಣ್ಣದಾದ ಹೂಳನ್ನಂತೂ ಎರಡೂ ತಡೆಯಲಾರವು.