ಹರಳು ಮತ್ತೆ ಮತ್ತೆ ಬರುತ್ತಿದ್ದರೆ

ನಾವು ಹರಳು ಎನ್ನುತ್ತೇವೆ, ಪಕ್ಕದ ಮನೆಯವರು ರಾಳ್ಳು ಎನ್ನುತ್ತಾರೆ. ಮೂತ್ರಪಿಂಡದ ಆ ನೋವು ಬಂದಾಗ ಮೊಗುಡಂಪಲ್ಲಿಯಿಂದ ಇಬ್ಬರೂ ಜಹೀರಾಬಾದಿಗೋ ಬೀದರಿಗೋ ಓಡುವವರೇ. ಹರಳಿಗೆ ಕಾರಣಗಳು ಹಲವು, ನೀರು ಸಾಕಷ್ಟು ಕುಡಿಯದಿರುವುದು ಮುಖ್ಯವಾದದ್ದು. ಆದರೆ ತೆಗೆಸಿದ ಮೇಲೂ ಮತ್ತೆ ಮತ್ತೆ ಬಂದರೆ, ಜೊತೆಗೆ ಮೂಳೆನೋವು, ಸುಸ್ತು, ಮಲಬದ್ಧತೆ ಇದ್ದರೆ, ಮೂಲ ಕೊರಳಿನಲ್ಲಿರಬಹುದು.

ಥೈರಾಯ್ಡ್ ಗ್ರಂಥಿಯ ಹೆಸರು ನೀವು ಕೇಳಿದ್ದೀರಿ. ಅದರ ಹಿಂಬದಿಯಲ್ಲಿ ತೊಗರಿಬೇಳೆಯಷ್ಟು ಸಣ್ಣವು, ಸಾಮಾನ್ಯವಾಗಿ ನಾಲ್ಕು ಗ್ರಂಥಿಗಳಿರುತ್ತವೆ. ಇವು ಪ್ಯಾರಾಥೈರಾಯ್ಡ್. ನೆಂಟಸ್ತನ ಹೆಸರಿನಲ್ಲಿ ಮಾತ್ರ. ಥೈರಾಯ್ಡ್ ಮಾತ್ರೆಯಿಂದ ಇವುಗಳ ರೋಗ ವಾಸಿಯಾಗದು. ರಕ್ತದಲ್ಲಿ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಎಷ್ಟಿರಬೇಕೆಂದು ನೋಡಿಕೊಳ್ಳುವುದು ಇವುಗಳ ಕೆಲಸ. ಒಂದರಲ್ಲಿ ಗಡ್ಡೆ ಬೆಳೆದರೆ ಲೆಕ್ಕ ತಪ್ಪುತ್ತದೆ. ಮೂಳೆಯ ಸುಣ್ಣ ಕರಗಿ ರಕ್ತಕ್ಕೆ ಸೇರುತ್ತದೆ. ಮೂಳೆ ಸವೆಯುತ್ತದೆ, ಹೆಚ್ಚಾದದ್ದು ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಗಡ್ಡೆ ಎಂದೊಡನೆ ಗಾಬರಿಯಾಗಬೇಡಿ, ಇದು ಕ್ಯಾನ್ಸರ್ ಆಗಿರುವುದು ತೀರ ಅಪರೂಪ.

ವೈದ್ಯರಿಗೂ ಇದು ಸುಲಭವಾಗಿ ಹೊಳೆಯಲಿಲ್ಲ. ವಿಯೆನ್ನಾ ನಗರದ ಒಬ್ಬ ಟ್ರಾಮ್ ಕಂಡಕ್ಟರ್ ಮೂಳೆ ಸವೆದು ನಡೆಯಲಾರದೆ ಮಲಗಿದ್ದ. ಮೂಳೆ ಕೆಟ್ಟಿದ್ದರಿಂದಲೇ ಗ್ರಂಥಿ ದಪ್ಪವಾಗುತ್ತದೆಂದು ಆಗಿನ ಅನೇಕರ ನಂಬಿಕೆ. ಅದಕ್ಕೇ ಡಾಕ್ಟರ್ ಫೆಲಿಕ್ಸ್ ಮಾಂಡ್ಲ್ ಮೊದಲು ಬೇರೊಬ್ಬರ ಗ್ರಂಥಿಯನ್ನು ತಂದು ಅವನಿಗೆ ಕೂಡಿಸಿದರು. ಗುಣವಾಗಲಿಲ್ಲ. ಕೊನೆಗೆ 1925ರಲ್ಲಿ ಕೊರಳು ತೆರೆದು ಗಡ್ಡೆಯನ್ನೇ ತೆಗೆದರು. ಮನುಷ್ಯ ಎದ್ದು ನಡೆದ! ಕೆಲವು ವರ್ಷಗಳ ಮೇಲೆ ರೋಗ ಮರಳಿತು ಎಂಬುದನ್ನೂ ಹೇಳಬೇಕು.

ಇಂದು ಮೊದಲ ಹೆಜ್ಜೆ ರಕ್ತದ ಕ್ಯಾಲ್ಸಿಯಂ ಪರೀಕ್ಷೆ. ಹೆಚ್ಚಿದ್ದರೆ ಪಿ.ಟಿ.ಎಚ್. ಎಂಬ ಹಾರ್ಮೋನಿನ ಪರೀಕ್ಷೆ. ರೋಗ ಖಚಿತವಾದರೆ ಯಾವ ಗ್ರಂಥಿ ಕೆಟ್ಟಿದೆಯೆಂದು ಸ್ಕ್ಯಾನಿಂಗಿನಲ್ಲಿ ಹುಡುಕಿ, ಸಣ್ಣ ಗಾಯ ಮಾಡಿ ತೆಗೆಯುತ್ತಾರೆ. ಉಳಿದ ಮೂರು ಸಾಕು. ಸೌಮ್ಯವಾಗಿದ್ದರೆ ಕೆಲವರನ್ನು ಕಾದು ನೋಡುವುದೂ ಉಂಟು; ಬೇರುಸಹಿತ ವಾಸಿಯಾಗಲು ಮಾತ್ರ ಆಪರೇಷನ್ನೇ ಆಗಬೇಕು. ದನಿಯ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುವುದರಿಂದ ಕೈ ಪಳಗಿದ ಸರ್ಜನ್ ಬೇಕು. ಹೈದರಾಬಾದಿನ ದೊಡ್ಡ ಆಸ್ಪತ್ರೆಗೇ ಹೋಗಬೇಕಾದೀತು. ಹಳೆಯ ರಿಪೋರ್ಟುಗಳನ್ನೆಲ್ಲ ಒಯ್ಯಿರಿ. ಮೂಳೆನೋವೆಂದು ಅಂಗಡಿಯಿಂದ ಕ್ಯಾಲ್ಸಿಯಂ ಮಾತ್ರೆ ತಂದು ನುಂಗುವುದು ಬೇಡ, ಮೊದಲು ಪರೀಕ್ಷೆ ಆಗಲಿ.

ಆಪರೇಷನ್ ಆಗಿ ಮನೆಗೆ ಬಂದವರಿಗೆ ತುಟಿ, ಬೆರಳ ತುದಿ ಜುಮ್ಮೆಂದರೆ ಅಥವಾ ಕೈಕಾಲು ಸೆಟೆದರೆ, ಕ್ಯಾಲ್ಸಿಯಂ ಇಳಿದಿರಬಹುದು. ಹಸಿದ ಮೂಳೆಗಳು ಅದನ್ನು ಎಳೆದುಕೊಳ್ಳುತ್ತಿರುತ್ತವೆ. ಬೆಳಗಾಗಲೆಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.