ಸಂಜೆ ಹಳೇಬೀಡು, ಬೆಳಿಗ್ಗೆ ಬೇಲೂರು

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಇಳಿದವರಲ್ಲಿ ಊರೊಳಗೆ ಹೋಗುವವರು ಕಡಿಮೆ. ಬೆಂಗಳೂರು–ಹುಬ್ಬಳ್ಳಿ ಗಾಡಿಯಿಂದ ಇಳಿದು ಹಾಸನ, ಮೈಸೂರಿನ ಗಾಡಿಗೆ ಕಾಯುತ್ತಾರೆ, ಇಲ್ಲವೇ ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆ ನಡೆಯುತ್ತಾರೆ. ಬಿ.ಎಚ್. ರಸ್ತೆಯ ಉದ್ದಕ್ಕೂ ಅಂಗಡಿಗಳ ಮೇಲಿನ ಮಹಡಿಗಳಲ್ಲಿ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಬೋರ್ಡುಗಳಿವೆ. ಇಲ್ಲಿ ರಾತ್ರಿ ಕಳೆಯುವವರು ಪ್ರವಾಸಿಗರಲ್ಲ. ಕೊಬ್ಬರಿ ಮಾರಾಟಕ್ಕೆ ಬಂದವರು, ಔಷಧಿ ಕಂಪನಿಯ ರೆಪ್‌ಗಳು, ಮದುವೆಗೆಂದು ಬಂದ ನೆಂಟರು, ರೈಲು ತಪ್ಪಿಸಿಕೊಂಡವರು. ಹಾಗಾಗಿಯೇ ಈ ಲಾಡ್ಜುಗಳಿಗೆ ಪ್ರವಾಸಿ ಊರಿನ ದರ ಇನ್ನೂ ತಟ್ಟಿಲ್ಲ. ಎಸಿ ಇಲ್ಲದ ಇಬ್ಬರ ಕೋಣೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ, ಎಷ್ಟೋ ಸಲ ಅದಕ್ಕಿಂತ ಕಡಿಮೆಗೂ.

ಆದರೂ ಬೇಲೂರು, ಹಳೇಬೀಡು ನೋಡಬೇಕೆಂದು ಬಂದವರು ಅರಸೀಕೆರೆಯಲ್ಲಿ ಮಲಗಬೇಕಾದದ್ದು ರೈಲು ರಾತ್ರಿ ತಡವಾಗಿ ಇಳಿಸಿದರೆ ಮಾತ್ರ. ಆಗ ಹಾಸಿಗೆಗಿಂತ ಮೊದಲು ಕಿಟಕಿ ನೋಡಬೇಕು. ಜಂಕ್ಷನ್ ಊರಿನಲ್ಲಿ ಗೂಡ್ಸ್ ಗಾಡಿಗಳಿಗೆ ಹಗಲು ರಾತ್ರಿಯೆಂಬುದಿಲ್ಲ, ಹೆದ್ದಾರಿಯ ಲಾರಿಗಳಿಗಂತೂ ರಾತ್ರಿಯೇ ಹಗಲು. ‘ಹಿಂದ್ಗಡೆ ರೂಮ್ ಕೊಡಿ ಅಣ್ಣ’ ಎಂದು ಕೌಂಟರಿನಲ್ಲೇ ಕೇಳಿಬಿಟ್ಟರೆ ಅರ್ಧ ನಿದ್ದೆ ಉಳಿಯುತ್ತದೆ. ಚೆಕ್‌ಔಟ್ ‘24 ಗಂಟೆ’ ಲೆಕ್ಕವೋ ಮಧ್ಯಾಹ್ನ 12ರ ಲೆಕ್ಕವೋ ಎಂಬುದನ್ನೂ ಅಲ್ಲೇ ಕೇಳಿಕೊಳ್ಳಬೇಕು. ರಾತ್ರಿ 11ಕ್ಕೆ ಬಂದವರಿಗೆ ಈ ಎರಡರ ನಡುವೆ ಅರ್ಧ ದಿನದ ಅಂತರ. ರೈಲ್ವೆಯ ತಂಗುಕೋಣೆ ಬೇಕೆನ್ನುವವರಿಗೆ ಖಚಿತವಾದ ಅಥವಾ ಆರ್‌ಎಸಿ ಟಿಕೆಟ್ಟಿನ ಪಿಎನ್‌ಆರ್ ಸಂಖ್ಯೆ ಇರಲೇಬೇಕು. ಜನರಲ್ ಬೋಗಿಯಲ್ಲಿ ಬಂದಿಳಿದವರಿಗೆ ಆ ದಾರಿ ಇಲ್ಲ.

ಬೆಳಿಗ್ಗೆ ಊರು ಬಿಡುವ ಮೊದಲು ಶಿವಾಲಯ ನೋಡಿಯೇ ಹೊರಡಿ. ಹೊಯ್ಸಳರ ಗುಡಿಗಳಲ್ಲಿ ಇದರ ಮುಂದಿನ ಮಂಟಪದಂಥದ್ದು ಮತ್ತೊಂದನ್ನು ನಾನು ಕಂಡಿಲ್ಲ. 1220ರ ಸುಮಾರಿನ ಕಟ್ಟಡ, ನಕ್ಷತ್ರದಾಕಾರದ ತೆರೆದ ಮಂಟಪ, ಮೇಲೆ ಗುಮ್ಮಟದಂತೆ ಏರುವ ಚಾವಣಿ. ಸುತ್ತಲೂ ಗೋಡೆಯಿಲ್ಲ. ಒಳಗೆ ನಿಂತರೆ ಕಂಬಗಳ ನಡುವಿನಿಂದ ಎಲ್ಲ ಕಡೆಯಿಂದಲೂ ಬೆಳಕು ಬರುತ್ತದೆ. ಬೇಲೂರು, ಹಳೇಬೀಡಿನ ಹೆಸರಿನ ಮುಂದೆ ಇದು ಮರೆಯಾಗಿದೆ ಎಂಬ ಬೇಸರ ನನಗೆ ಬಹಳ ದಿನದ್ದು. ಹಾಸನದ ಕಡೆ ಹೊರಟವರಿಗೆ ಹತ್ತಿರದಲ್ಲೇ ಹಾರನಹಳ್ಳಿ ಸಿಗುತ್ತದೆ. 1230ರ ದಶಕದ ಲಕ್ಷ್ಮೀನರಸಿಂಹ, ಸೋಮೇಶ್ವರ ಗುಡಿಗಳು ಅಲ್ಲಿವೆ, ಕೋಡಿಮಠವೂ ಅಲ್ಲೇ.

ಬಜೆಟ್ ಪ್ರವಾಸವೆಂದರೆ ಅಗ್ಗದ ಕೋಣೆ ಹುಡುಕುವುದು ಎಂದು ತಿಳಿದವರು ಹೆಚ್ಚು. ಈ ಸೀಮೆಯಲ್ಲಿ ಕೋಣೆ ಎಲ್ಲಿ ಹಿಡಿಯಬೇಕೆಂಬುದನ್ನು ಬಿಸಿಲು ತೀರ್ಮಾನಿಸಬೇಕು. ಹಳೇಬೀಡಿನ ಹೊಯ್ಸಳೇಶ್ವರ, ಬೇಲೂರಿನ ಚೆನ್ನಕೇಶವ ಎರಡೂ ಪೂರ್ವಾಭಿಮುಖ. ಹಳೇಬೀಡಿನಲ್ಲಿ ದೊಡ್ಡ ಮೂರ್ತಿಗಳ ಸಾಲು ಇರುವುದು ಹಿಂಬದಿಯ ಪಡುವಣ ಗೋಡೆಯಲ್ಲಿ, ಆ ಗೋಡೆಗೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಬೇಲೂರಿನ ಮುಂಬಾಗಿಲ ಇಕ್ಕೆಲದ ಜಾಲಂಧ್ರಗಳು ಅಂದರೆ ಕಲ್ಲಿನ ಜಾಲರಿಗಳು, ಅವುಗಳ ಮೇಲಿನ ಮದನಿಕೆಯರು ಬೆಳಗುವುದು ಬೆಳಗಿನ ಬಿಸಿಲಿಗೆ. ಅಂದರೆ ಸಂಜೆ ಹಳೇಬೀಡಿನಲ್ಲಿರಬೇಕು, ಬೆಳಿಗ್ಗೆ ಬೇಲೂರಿನಲ್ಲಿರಬೇಕು, ನಡುವಿನ ರಾತ್ರಿ ಈ ಎರಡರಲ್ಲಿ ಒಂದು ಊರಿನಲ್ಲಿ ಕಳೆಯಬೇಕು. ಹಾಸನದಲ್ಲಿ ಒಳ್ಳೆಯ ಎಸಿ ಕೋಣೆ ಹಿಡಿದು ಬೆಳಿಗ್ಗೆ ಹತ್ತಕ್ಕೆ ಟ್ಯಾಕ್ಸಿಯಲ್ಲಿ ಹೊರಟವರಿಗೆ ಎರಡು ಕಡೆಯೂ ಸಿಗುವುದು ನೆತ್ತಿಯ ಬಿಸಿಲು, ಅಂಗಾಲು ಸುಡುವ ಕಲ್ಲು, ಬೇಲೂರಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿದ ಗರ್ಭಗುಡಿ. ಅವರ ಖರ್ಚು ಹೆಚ್ಚು, ನೋಟ ಕಡಿಮೆ.

ಅರಸೀಕೆರೆಯಿಂದ ಹಳೇಬೀಡು ನಲವತ್ತು ಕಿಲೋಮೀಟರಿಗಿಂತ ತುಸು ಹೆಚ್ಚು. ಬಾಣಾವರ, ಜಾವಗಲ್ ಮೂಲಕ ದಾರಿ. ನೇರ ಬಸ್ಸು ಸಿಕ್ಕರೆ ಸರಿ, ಸಿಗದಿದ್ದರೆ ಜಾವಗಲ್ಲಿನಲ್ಲಿ ಇಳಿದು ಹತ್ತಬೇಕು. ಹಾಸನ ಸುತ್ತಿ ಬರುವುದು ಇನ್ನೊಂದು ದಾರಿ, ಅಲ್ಲಿ ಬಸ್ಸು ಹೆಚ್ಚು. ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಈ ಸಾಮಾನ್ಯ ಬಸ್ಸುಗಳ ಪ್ರಯಾಣ ಉಚಿತ, ಆಧಾರ್ ಕೈಯಲ್ಲಿದ್ದರಾಯಿತು. ತಾಯಿ, ಮಗಳು, ಅತ್ತೆ ಸೇರಿ ಹೊರಟ ಗುಂಪುಗಳು ಈ ಬಸ್ಸುಗಳಲ್ಲಿ ಈಗ ಕಾಣುತ್ತವೆ. ಗಂಡಸರ ಜೊತೆಯಿಲ್ಲದೆ, ಟ್ಯಾಕ್ಸಿ ಬಾಡಿಗೆಯ ಚಿಂತೆಯಿಲ್ಲದೆ ಅವರು ಗುಡಿಗಳನ್ನು ನೋಡಲು ಹೊರಡುತ್ತಿರುವುದು ನನಗೆ ದೊಡ್ಡ ಸಂಗತಿ. ಕಿಟಕಿಯ ಆಚೆ ತೆಂಗಿನ ತೋಟಗಳು ತೆಳುವಾಗುತ್ತ ರಾಗಿ ಹೊಲ, ಜೋಳದ ಹೊಲಗಳು ಶುರುವಾಗುತ್ತವೆ. ಜಾವಗಲ್ ಬಂದರೆ ಕ್ರಿಕೆಟಿಗ ಶ್ರೀನಾಥ್ ಹೆಸರು ಹೇಳದೆ ಸುಮ್ಮನಿರುವ ಪ್ರಯಾಣಿಕರು ಕಡಿಮೆ. ಅದೇ ಊರಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ಗುಡಿಯೊಂದು ಇದೆ ಎಂಬುದನ್ನೂ ಜೊತೆಗೆ ಹೇಳಬೇಕು.

ಹಳೇಬೀಡಿಗೆ ಮಧ್ಯಾಹ್ನ ಎರಡರ ಸುಮಾರಿಗೆ ತಲುಪಿದರೆ ಲೆಕ್ಕ ಸರಿಹೋಗುತ್ತದೆ. ಬಿಸಿಲು ಜೋರಾಗಿರುವ ಆ ಹೊತ್ತಿನಲ್ಲಿ ದೊಡ್ಡ ಗುಡಿಗೆ ಹೋಗಬೇಡಿ. ಮೊದಲು ಬಸದಿಹಳ್ಳಿಗೆ ನಡೆಯಿರಿ. ಸೇನಾಪತಿ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಅಲ್ಲಿದೆ. ಕನ್ನಡಿಯಷ್ಟು ನುಣುಪಾದ ಕಂಬಗಳು, ತಂಪು, ಜನವಿಲ್ಲ. ಅಲ್ಲಿಂದ ಹತ್ತಿರದ ಕೇದಾರೇಶ್ವರ 1219ರದ್ದು, ಇಮ್ಮಡಿ ಬಲ್ಲಾಳ ಮತ್ತು ರಾಣಿ ಕೇತಲದೇವಿಯ ಕಾಲದ್ದು. ಟೂರ್ ವ್ಯಾನುಗಳು ಈ ಎರಡೂ ಕಡೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಹೊಯ್ಸಳೇಶ್ವರದ ಆವರಣದಲ್ಲಿರುವ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಅದನ್ನು ನೋಡಿಕೊಂಡು ದಿನ ಆರಿಸಿಕೊಳ್ಳಿ.

ನಾಲ್ಕು ಗಂಟೆಯ ಮೇಲೆ ಹೊಯ್ಸಳೇಶ್ವರದ ಪಡುವಣ ಗೋಡೆಯ ಮುಂದೆ ನಿಂತುಕೊಳ್ಳಿ. 1121ರ ಸುಮಾರಿಗೆ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಮುತುವರ್ಜಿಯಲ್ಲಿ ಶುರುವಾದ ಕೆಲಸ ಇದು. ಅರಸನ ಹೆಸರಿನದೊಂದು, ಶಾಂತಲೆಯ ಹೆಸರಿನದೊಂದು, ಎರಡು ಗುಡಿ ಸೇರಿ ಒಂದಾದದ್ದು. ಓರೆ ಬಿಸಿಲು ಬಿದ್ದ ಕೂಡಲೇ ಬಳಪದ ಕಲ್ಲಿನ ಪ್ರತಿ ಆಭರಣಕ್ಕೂ ಅದರದೇ ನೆರಳು ಹುಟ್ಟುತ್ತದೆ. ಮಧ್ಯಾಹ್ನ ಬೂದು ಬಣ್ಣದ ಚಪ್ಪಟೆ ಗೋಡೆಯಾಗಿದ್ದುದು ಮೂರ್ತಿಗಳಾಗಿ ಮುಂದಕ್ಕೆ ಬರುತ್ತದೆ. ಕೆಳಗಿನ ಆನೆಯ ಪಟ್ಟಿಯಿಂದ ಶುರುಮಾಡಿ ಸಿಂಹ, ಬಳ್ಳಿ, ಕುದುರೆ, ಅದರ ಮೇಲೆ ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ, ಆಮೇಲೆ ದೊಡ್ಡ ದೇವತೆಗಳು ಎಂದು ಒಂದು ಮೂಲೆಯನ್ನಾದರೂ ಪೂರ್ತಿ ಓದಿ. ಇಡೀ ಗುಡಿ ಸುತ್ತಿ ಏನೂ ನೋಡದೆ ಹೋಗುವುದಕ್ಕಿಂತ ಒಂದು ಮೂಲೆ ನೋಡಿದರೆ ಸಾಕು. ಸೂರ್ಯ ಮುಳುಗುವ ಹೊತ್ತಿಗೆ ಕಾವಲಿನವರು ಸೀಟಿ ಊದುತ್ತಾರೆ, ಅಲ್ಲಿಯವರೆಗೂ ಇರಬಹುದು. ಪ್ರವೇಶಕ್ಕೆ ಹಣವಿಲ್ಲ. ಗೈಡ್ ಬೇಕಿದ್ದರೆ ಸರ್ಕಾರದ ಗುರುತಿನ ಚೀಟಿ ಇರುವವರನ್ನೇ ಕರೆದುಕೊಳ್ಳಿ, ದರ ಮೊದಲೇ ಮಾತಾಡಿ. ಈ ಖರ್ಚು ಉಳಿಸಬೇಡಿ. ಎಸಿ ಬಿಟ್ಟ ದುಡ್ಡಿನಲ್ಲಿ ಗೈಡ್ ಬರುತ್ತಾರೆ.

ಹಳೇಬೀಡಿನಲ್ಲೇ ಉಳಿಯುವ ಆಸೆ ಇದ್ದರೆ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಶಾಂತಲಾ ಗುಡಿಯ ಎದುರಿಗೇ ಇದೆ. ಕೋಣೆಗಳು ಬೆರಳೆಣಿಕೆಯಷ್ಟು, ಮೊದಲೇ ಕಾಯ್ದಿರಿಸದೆ ಹೋಗಬಾರದು. ಅದನ್ನು ಬಿಟ್ಟರೆ ಊರಿನಲ್ಲಿ ಆಯ್ಕೆ ಕಡಿಮೆ. ಹಂಪಿಗೆ ಹೋದವರಿಗೆ ಜನತಾ ಪ್ಲಾಟಿನ ಮನೆಮನೆಯ ಗೆಸ್ಟ್‌ಹೌಸ್‌ಗಳು ಗೊತ್ತು. ಅಲ್ಲಿ ಜನ ವಾರಗಟ್ಟಲೆ ಉಳಿಯುತ್ತಾರೆ, ಆ ಹಣ ಊರಿನ ಮನೆಗಳಿಗೆ ಹೋಗುತ್ತದೆ. ಇಲ್ಲಿ ಅದು ಬೆಳೆಯಲಿಲ್ಲ. ಹಾಸನ, ಚಿಕ್ಕಮಗಳೂರು ಹತ್ತಿರ, ಬೆಂಗಳೂರಿನಿಂದ ಒಂದೇ ದಿನದಲ್ಲಿ ಬಂದುಹೋಗುವ ಅಭ್ಯಾಸ. ಇಂಡೊನೇಷ್ಯಾದ ಬೊರೊಬುದುರಿನ ಕಥೆಯೂ ಹೆಚ್ಚುಕಡಿಮೆ ಇದೇ. ಸ್ತೂಪ ಇರುವುದು ಯೋಗ್ಯಕರ್ತದಿಂದ ಸುಮಾರು ನಲವತ್ತು ಕಿಲೋಮೀಟರ್ ದೂರ, ಅಗ್ಗದ ಕೋಣೆ ಹುಡುಕುವವರು ಮಲಗುವುದು ಯೋಗ್ಯಕರ್ತದ ರೈಲು ನಿಲ್ದಾಣದ ಪಕ್ಕದ ಗಲ್ಲಿಗಳಲ್ಲಿ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬಂದವರು ಒಂದು ರಾತ್ರಿ ಉಳಿಯದಿದ್ದರೆ ಆ ಪಟ್ಟಿಯಿಂದ ಹಳೇಬೀಡಿನ ಮನೆಗಳಿಗೆ ಸಿಗುವುದು ಎಳನೀರಿನ ದುಡ್ಡು, ಪಾರ್ಕಿಂಗ್ ಚೀಟಿಯ ದುಡ್ಡು ಅಷ್ಟೇ. ಒಂದೆರಡು ಕೋಣೆಯ ಹೋಂಸ್ಟೇಗಳಿಗೆ ಇಲ್ಲಿ ಜಾಗವಿದೆ, ಅವು ಬರಬೇಕು.

ಹದಿನಾರು ಕಿಲೋಮೀಟರ್ ದೂರದ ಬೇಲೂರಿಗೆ ಬಸ್ಸು ಆಗಾಗ ಇದೆ, ಆದರೆ ಕತ್ತಲಾದಂತೆ ಕಡಿಮೆಯಾಗುತ್ತದೆ. ಮಧ್ಯಾಹ್ನ ಇಳಿದಾಗಲೇ ಕೊನೆಯ ಬಸ್ಸಿನ ಸಮಯ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಬೇಲೂರಿನಲ್ಲಿ ಕೋಣೆಗಳು ಬಸ್ ನಿಲ್ದಾಣದ ಸುತ್ತ ಮತ್ತು ದೇವಸ್ಥಾನದ ರಸ್ತೆಯಲ್ಲಿ. ನಿಗಮದ ಮಯೂರ ವೇಲಾಪುರಿ ಇರುವುದೂ ಆ ರಸ್ತೆಯಲ್ಲೇ. ದೇವಸ್ಥಾನದ ರಸ್ತೆಯ ಕೋಣೆ ನೂರಿನ್ನೂರು ಹೆಚ್ಚಾದರೂ ಅದನ್ನೇ ಹಿಡಿಯಿರಿ.

‘ಎಷ್ಟ್ ಜನ ಸಾರ್? ಫ್ಯಾಮಿಲಿನಾ?’

‘ಇಬ್ರು. ರೂಮ್ ಒಂದ್ಸಲ ನೋಡ್ಬೋದಾ?’

‘ನೋಡ್ಕೊಂಡ್ ಬನ್ನಿ, ಅದಕ್ಕೇನಂತೆ.’

ಹೀಗೆ ಕೇಳುವುದಕ್ಕೆ ಸಂಕೋಚಪಡುವವರನ್ನು ಕಂಡಿದ್ದೇನೆ. ಯಾವ ಲಾಡ್ಜಿನವರೂ ಇದಕ್ಕೆ ಬೇಸರಿಸುವುದಿಲ್ಲ. ಒಳಗೆ ಹೋದರೆ ಮೊದಲು ಗೋಡೆಯ ಮೂಲೆ ನೋಡಿ. ಬೇಲೂರು ಮಲೆನಾಡಿನ ಅಂಚು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಕೆಳಮಹಡಿಯ ಕೋಣೆಗಳಲ್ಲಿ ತೇವ ಏರುತ್ತದೆ, ಹಾಸಿಗೆಗೂ ಮುಗ್ಗು ವಾಸನೆ ಹತ್ತುತ್ತದೆ. ಫ್ಯಾನ್ ಹಾಕಿ ನೋಡಿ, ನಲ್ಲಿ ತಿರುಗಿಸಿ. ಬಿಸಿನೀರು ಸೋಲಾರ್‌ನದೋ ಗೀಸರ್‌ನದೋ ಕೇಳಿ. ಸೋಲಾರ್ ಆದರೆ ಮೋಡದ ದಿನ ಬೆಳಿಗ್ಗೆ ಬಕೆಟ್ ಲೆಕ್ಕದಲ್ಲಿ ಬರುತ್ತದೆ. ಬಾಗಿಲಿನ ಚಿಲಕ ಒಳಗಿನಿಂದ ಗಟ್ಟಿಯಾಗಿ ಬೀಳುತ್ತದೆಯೇ ಎಂದು ಪರೀಕ್ಷಿಸಿ. ಕೆಳಗೆ ಬಾರ್ ಇರುವ ಲಾಡ್ಜು ಎಷ್ಟೇ ಅಗ್ಗವಾಗಿರಲಿ, ಮಕ್ಕಳು ಅಥವಾ ವಯಸ್ಸಾದವರು ಜೊತೆಗಿದ್ದರೆ, ಹೆಂಗಸರು ಒಬ್ಬರೇ ಬಂದಿದ್ದರೆ, ಅದನ್ನು ಬಿಟ್ಟು ಮುಂದೆ ನಡೆಯಿರಿ.

ದರದ ಮೇಲೆ ತೆರಿಗೆ ಎಷ್ಟು ಎಂದು ಮೊದಲೇ ಕೇಳಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ವರ್ಷದ ವಹಿವಾಟು 20 ಲಕ್ಷದೊಳಗಿನ ಸಣ್ಣ ಲಾಡ್ಜುಗಳು ನೋಂದಣಿ ಮಾಡಿಸಬೇಕಿಲ್ಲ, ಅಂಥವರು ಜಿಎಸ್‌ಟಿ ವಸೂಲಿ ಮಾಡುವಂತೆಯೂ ಇಲ್ಲ. ಬಿಲ್ಲಿನ ಮೇಲೆ ಜಿಎಸ್‌ಟಿ ಸಂಖ್ಯೆ ಇದೆಯೇ ಎಂದು ನೋಡಿದರೆ ವಿಷಯ ತಿಳಿಯುತ್ತದೆ. ಎಲ್ಲರ ಗುರುತಿನ ಚೀಟಿ ಬೇಕು. ವಿದೇಶಿ ಸ್ನೇಹಿತರನ್ನು ಕರೆತರುವವರು ಇನ್ನೊಂದು ವಿಚಾರ ತಿಳಿದಿರಬೇಕು. ವಿದೇಶಿಯರು ಉಳಿದರೆ ಲಾಡ್ಜಿನವರು 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ಸರ್ಕಾರಕ್ಕೆ ಸಲ್ಲಿಸಬೇಕು. ಆ ವ್ಯವಸ್ಥೆ ಇಲ್ಲದ ಸಣ್ಣ ಲಾಡ್ಜುಗಳು ಕೋಣೆ ಖಾಲಿಯಿದ್ದರೂ ಇಲ್ಲವೆನ್ನುತ್ತವೆ. ಅಂಥವರಿಗೆ ನಿಗಮದ ಹೋಟೆಲನ್ನು ಮುಂಗಡ ಕಾಯ್ದಿರಿಸುವುದೇ ವಾಸಿ. ಡಿಸೆಂಬರ್ ಶಾಲಾ ಪ್ರವಾಸದ ತಿಂಗಳು. ಯುಗಾದಿಯ ನಂತರ ಚೈತ್ರದಲ್ಲಿ ಚೆನ್ನಕೇಶವನ ರಥೋತ್ಸವ, ಆ ದಿನಗಳಲ್ಲಿ ಕೋಣೆ ಕೇಳುವುದೇ ಬೇಡ.

ಚೀಲ ಇಟ್ಟು ಕೈಕಾಲು ತೊಳೆದು ಸಂಜೆಯ ಪೂಜೆಗೆ ಹೋಗಿ. ಹಗಲು ಬಂದುಹೋಗುವವರು ಬೇಲೂರನ್ನು ಸ್ಮಾರಕವೆಂದು ನೋಡುತ್ತಾರೆ. ಸಂಜೆ ಅದು ಊರಿನವರ ದೇವಸ್ಥಾನ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ದೇವರಿಗೆ ಇಂದಿಗೂ ಪೂಜೆ ನಡೆಯುತ್ತಿದೆ. ಹೂ ಹಿಡಿದ ಅಜ್ಜಿಯರು, ಅಂಗಡಿ ಮುಚ್ಚಿ ಬಂದವರು, ಪರೀಕ್ಷೆಗೆ ಮೊದಲು ಕೈಮುಗಿಯಲು ಬಂದ ಹುಡುಗರು ಮಂಗಳಾರತಿಗೆ ಸೇರುತ್ತಾರೆ. ನವರಂಗದ ಕಂಬಗಳನ್ನು ದೀಪದ ಹೊತ್ತಿನಲ್ಲಿ ನೋಡುವ ಭಾಗ್ಯ ಉಳಿದವರಿಗೆ ಮಾತ್ರ.

ಬೆಳಿಗ್ಗೆ ಏಳೂವರೆಯ ಸುಮಾರಿಗೆ ಬಾಗಿಲು ತೆರೆಯುತ್ತದೆ. ಕೋಣೆ ದೇವಸ್ಥಾನದ ರಸ್ತೆಯಲ್ಲಿದ್ದರೆ ಕಾಫಿ ಕುಡಿದು ನಡೆದುಬರಬಹುದು. ನೆಲ ಇನ್ನೂ ತಣ್ಣಗಿರುತ್ತದೆ, ಬರಿಗಾಲಲ್ಲಿ ಎಷ್ಟು ಹೊತ್ತಾದರೂ ಸುತ್ತಬಹುದು. ಮುಂಬಾಗಿಲ ಪಕ್ಕದ ಜಾಲಂಧ್ರದಲ್ಲಿ ಅರಸನ ಆಸ್ಥಾನ ಇದೆ, ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಕತ್ತೆತ್ತಿದರೆ ಕನ್ನಡಿ ಹಿಡಿದ ದರ್ಪಣಸುಂದರಿ. 42 ಮದನಿಕೆಯರಲ್ಲಿ 38 ಹೊರಗೆ, 4 ಒಳಗೆ. ಹಲವು ಮೂರ್ತಿಗಳ ಪೀಠದಲ್ಲಿ ಶಿಲ್ಪಿಗಳ ಹೆಸರಿದೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳನ್ನು ಗೈಡ್ ತೋರಿಸದಿದ್ದರೆ ಕೇಳಿ ತೋರಿಸಿಕೊಳ್ಳಿ. ಸಣ್ಣ ದುರ್ಬೀನು ಇದ್ದರೆ ಚಾವಣಿಯ ಕೆಳಗಿನ ಬೆರಳುಗಳು, ಉಂಗುರಗಳು ಕಾಣುತ್ತವೆ. ಹತ್ತು ಗಂಟೆಗೆ ವ್ಯಾನುಗಳು ಬರುವ ಹೊತ್ತಿಗೆ ಹೊರಗಿನದು ಮುಗಿದಿರುತ್ತದೆ. ಆಮೇಲೆ ಕಪ್ಪೆ ಚೆನ್ನಿಗರಾಯನ ಗುಡಿ, ಪುಷ್ಕರಣಿ.

ಕೋಣೆ ಖಾಲಿ ಮಾಡಿ ಚೀಲವನ್ನು ಕೌಂಟರಿನಲ್ಲಿ ಬಿಡಲು ಕೇಳಿದರೆ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ಇನ್ನೂ ಅರ್ಧ ದಿನ ಇರುವವರು ಹಳೇಬೀಡಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಬೆಳವಾಡಿಯ ವೀರನಾರಾಯಣನನ್ನು ನೋಡಿ ಜಾವಗಲ್ ಮೂಲಕವೇ ಅರಸೀಕೆರೆಗೆ ಮರಳಬಹುದು. ಹುಬ್ಬಳ್ಳಿ, ದಾವಣಗೆರೆ ಕಡೆಯವರಿಗೆ ಅದೇ ಅನುಕೂಲ. ಬೆಂಗಳೂರಿನವರು ಹಿಂದಕ್ಕೆ ಬರಬೇಕಿಲ್ಲ. ಬೇಲೂರಿನಿಂದ ಹಾಸನಕ್ಕೆ ನಲವತ್ತು ಕಿಲೋಮೀಟರಿನೊಳಗೆ, ಅಲ್ಲಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ 2017ರಿಂದ ನೇರ ರೈಲು ದಾರಿಯಿದೆ. ಕಾಲಿನಲ್ಲಿ ಇನ್ನೂ ಶಕ್ತಿ ಉಳಿದವರು ನಡುವೆ ಇಳಿದು ವಿಂಧ್ಯಗಿರಿಯನ್ನೂ ಹತ್ತಬಹುದು.