ಹಳೆಯ ಗಣಕದ ಹಳದಿ ಮೈ

ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿರುವ ಚೆನಾಯ್ ಟ್ರೇಡ್ ಸೆಂಟರಿನ ಗಣಕದ ಅಂಗಡಿಗಳು ನಮ್ಮ ವಾಚಕರಲ್ಲಿ ಅನೇಕರಿಗೆ ಪರಿಚಿತವಾದವೇ. ಕಚೇರಿಗೆ ಬೇಡವಾದ ಹಳೆಯ ಗಣಕವನ್ನು ಕಡಮೆ ಬೆಲೆಗೆ ಕೊಂಡು, ಊರಿನ ಮಕ್ಕಳ ಅಭ್ಯಾಸಕ್ಕೆಂದು ಬೀದರಿಗೋ ರಾಯಚೂರಿಗೋ ಕಳಿಸಬೇಕೆಂಬ ಆಸೆ ಯಾರಿಗಾದರೂ ಬರಬಹುದು. ಅಂಥ ಯಂತ್ರದ ಮೈ ಬಹುವೇಳೆ ಹಳದಿಗಟ್ಟಿರುತ್ತದೆ. ಕೊಳ್ಳುವವನಿಗೆ ಅಳುಕು, ಕೊಂಡವನಿಗೆ ಸೋಪು ಹಾಕಿ ತಿಕ್ಕಿ ತಿಕ್ಕಿ ಸೋತ ಬೇಸರ. ಈ ಹಳದಿ ಎಂದರೇನು, ಅದನ್ನು ತೆಗೆಯಬಹುದೇ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಹೈದರಾಬಾದಿಗೂ ಗಣಕಕ್ಕೂ ನಂಟು ಹಳೆಯದು. 1967ರಲ್ಲಿ ಇಲ್ಲಿ ಸ್ಥಾಪನೆಯಾದ ಇ.ಸಿ.ಐ.ಎಲ್. ಸಂಸ್ಥೆ, ಟ್ರಾಂಬೆಯ ಪರಮಾಣು ಸಂಶೋಧನ ಕೇಂದ್ರದಲ್ಲಿ ರೂಪುಗೊಂಡ ಟಿ.ಡಿ.ಸಿ.-12 ಎಂಬ ಗಣಕವನ್ನು 1969ರಲ್ಲಿ ಹೊರತಂದಿತು. ಅದು ಕಪಾಟಿನಷ್ಟು ದೊಡ್ಡ ಯಂತ್ರ. ಮೇಜಿನ ಮೇಲೆ ಕೂರುವ, ಪ್ಲಾಸ್ಟಿಕ್ ಮೈಯ ಚಿಕ್ಕ ಗಣಕಗಳು ಬಂದದ್ದು ಅನಂತರ. 1981ರ ಬಿ.ಬಿ.ಸಿ. ಮೈಕ್ರೋ ಅಂಥದೊಂದು; 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯ ಮೂಲಕ ಅದು ನಮ್ಮ ದೇಶದ ಶಾಲೆಗಳಿಗೂ ಬಂದಿತು. ಆ ಕಾಲದ ಯಂತ್ರಗಳಲ್ಲಿಯೇ ಈ ಹಳದಿಯ ಕಾಟ ಹೆಚ್ಚು.

ಇದು ಕೊಳೆಯಲ್ಲ. ಕೊಳೆಯಾಗಿದ್ದರೆ ಸೋಪಿಗೆ ಹೋಗಬೇಕಿತ್ತು. ಈ ಮೈಗಳು ಸಾಮಾನ್ಯವಾಗಿ ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕಿನವು. ಅದರಲ್ಲಿ ರಬ್ಬರಿನ ಗುಣವುಳ್ಳ ಬ್ಯೂಟಡೀನ್ ಎಂಬ ಅಂಶವಿದೆ. ಬಿಸಿಲಿನ ಅತಿನೇರಳೆ ಕಿರಣ, ಶಾಖ ಮತ್ತು ಗಾಳಿಯ ಆಮ್ಲಜನಕ ಇವು ಸೇರಿ ಆ ಅಂಶವನ್ನು ಕೆಡಿಸಿ, ಹಳದಿ ತೋರುವ ಹೊಸ ವಸ್ತುಗಳನ್ನು ಹುಟ್ಟಿಸುತ್ತವೆ. ಬೆಂಕಿ ಬೇಗನೆ ಹತ್ತದಿರಲೆಂದು ಬೆರೆಸಿದ ಬ್ರೋಮೀನಿನ ಸಂಯುಕ್ತಗಳೂ ಬಣ್ಣ ಕೆಡಲು ನೆರವಾಗುತ್ತವೆ. ಕತ್ತಲೆಯ ಪೆಟ್ಟಿಗೆಯಲ್ಲಿಟ್ಟರೂ ಸೆಕೆಗೆ ನಿಧಾನವಾಗಿ ಹಳದಿಯಾಗುವುದುಂಟು. ಕೆಲವು ಕೀಲಿಮಣೆಗಳಲ್ಲಿ ಅಕ್ಷರದ ಕೀಲಿಗಳು ಬಿಳಿಯಾಗಿಯೇ ಉಳಿದು, ಪದಗಳ ನಡುವೆ ಜಾಗ ಬಿಡುವ ಉದ್ದ ಕೀಲಿ ಮಾತ್ರ ಹಳದಿಯಾಗಿರುತ್ತದೆ. ಎರಡೂ ಬೇರೆ ಬೇರೆ ಪ್ಲಾಸ್ಟಿಕ್ಕಿನವು ಎಂಬುದೇ ಅದರ ಕಾರಣ.

ತೆಗೆಯುವ ಕ್ರಮವೊಂದನ್ನು 2008ರಲ್ಲಿ ಹಳೆಯ ಗಣಕಗಳ ಹವ್ಯಾಸಿಗಳು ಬಳಕೆಗೆ ತಂದು, ಅದಕ್ಕೆ ‘ರೆಟ್ರೋಬ್ರೈಟ್’ ಎಂದು ಹೆಸರಿಟ್ಟರು. ಅದರ ಮುಖ್ಯ ದ್ರವ್ಯ ಹೈಡ್ರೊಜನ್ ಪೆರಾಕ್ಸೈಡ್. ಗಾಯ ತೊಳೆಯಲು ಔಷಧದ ಅಂಗಡಿಯಲ್ಲಿ ಸಿಗುವ ‘20 ವಾಲ್ಯೂಮ್’ ದ್ರಾವಣದಲ್ಲಿ ಅದು ಶೇಕಡಾ 6ರಷ್ಟಿರುತ್ತದೆ. ಮೊದಲು ಯಂತ್ರವನ್ನು ಬಿಚ್ಚಿ, ತಂತಿ, ಸ್ಪ್ರಿಂಗು, ತಿರುಪು, ಅಂಟುಚೀಟಿಗಳನ್ನೆಲ್ಲ ಬೇರ್ಪಡಿಸಿ, ಬರಿಯ ಪ್ಲಾಸ್ಟಿಕ್ಕನ್ನು ಸೋಪಿನಿಂದ ತೊಳೆಯಬೇಕು. ಆಮೇಲೆ ಅಗಲವಾದ ಪಾತ್ರೆಯಲ್ಲಿ ದ್ರಾವಣದೊಳಗೆ ಪೂರ್ತಿ ಮುಳುಗಿಸಿ, ಬಿಸಿಲಿಗಿಟ್ಟು, ಗಂಟೆಗೊಮ್ಮೆ ತಿರುವಿಹಾಕಿ ನೋಡುತ್ತಿರಬೇಕು. ಒಂದು ಭಾಗ ಮೇಲೆದ್ದು ಒಣಗಿದರೆ ಅಲ್ಲಿ ಬಿಳಿಯ ಮಚ್ಚೆ ನಿಲ್ಲುತ್ತದೆ. ಅದು ಹಳದಿಗಿಂತ ಅಸಹ್ಯ. ಬಣ್ಣ ತಿಳಿಯಾದೊಡನೆ ತೆಗೆದು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಕೀಲಿಗಳ ಮೇಲೆ ಅಚ್ಚಾದ ಅಕ್ಷರಗಳು ಮಾಸುವ ಭಯವೂ ಉಂಟು. ಆದುದರಿಂದ ಮೂಲೆಯ ಒಂದೇ ಕೀಲಿಯನ್ನು ಮೊದಲು ಪರೀಕ್ಷಿಸಿ ನೋಡುವುದು ಲೇಸು.

ಅಪಾಯಗಳನ್ನು ಮರೆಯುವಂತಿಲ್ಲ. ಬೇಗ ಕೆಲಸವಾಗಲೆಂದು ಕಾರ್ಖಾನೆಗಳಲ್ಲಿ ಬಳಸುವ ತೀಕ್ಷ್ಣ ದ್ರಾವಣವನ್ನು ತರಬೇಡಿ. ಅದು ಚರ್ಮವನ್ನು ಸುಡುತ್ತದೆ, ಕಣ್ಣನ್ನೇ ಕಳೆಯಬಲ್ಲದು. ಸೌಮ್ಯ ದ್ರಾವಣಕ್ಕೂ ಕೈಗವಸು, ಕನ್ನಡಕ ಬೇಕು. ವಿನಿಗರನ್ನಾಗಲಿ ಬೇರೆ ರಾಸಾಯನಿಕಗಳನ್ನಾಗಲಿ ಅದಕ್ಕೆ ಬೆರೆಸಕೂಡದು. ಬಿಗಿಯಾಗಿ ಮುಚ್ಚಿಟ್ಟರೆ ಒಳಗೆ ಆಮ್ಲಜನಕ ತುಂಬಿ ಪಾತ್ರೆ ಸಿಡಿಯಬಹುದು. ಎಲ್ಲಕ್ಕೂ ಮಿಗಿಲಾಗಿ, ಉಳಿದ ದ್ರಾವಣವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ಹಾಕಿಡಬಾರದು. ನಾಲ್ಕು ಜನ ಒಂದೇ ಕೋಣೆಯಲ್ಲಿ ವಾಸಿಸುವ ನಮ್ಮಂಥವರಲ್ಲಿ, ರಾತ್ರಿ ಬಾಯಾರಿ ಕೈಚಾಚಿದವನಿಗೆ ಬಣ್ಣವಿಲ್ಲದ ಆ ದ್ರವ ನೀರೆಂದೇ ತೋರೀತು. ಇನ್ನು ಹಳೆಯ ದಪ್ಪ ಪರದೆಯ ಪೆಟ್ಟಿಗೆಯನ್ನು ಬಲ್ಲವರಲ್ಲದೆ ಬೇರೆಯವರು ಬಿಚ್ಚಲೇಬಾರದು. ವಿದ್ಯುತ್ ಕಿತ್ತ ಮೇಲೂ ಅದರ ಕೊಳವೆಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡ ಉಳಿದಿರಬಹುದು.

ಇಷ್ಟೆಲ್ಲ ಮಾಡಿದರೂ ಫಲ ಶಾಶ್ವತವಲ್ಲ. ಪೆರಾಕ್ಸೈಡು ಬಣ್ಣವನ್ನು ಕಳೆಯುತ್ತದೆಯೇ ಹೊರತು ಪ್ಲಾಸ್ಟಿಕ್ಕಿಗೆ ಹೋದ ಪ್ರಾಯವನ್ನು ಮರಳಿ ಕೊಡುವುದಿಲ್ಲ. ಕೆಲವು ವರ್ಷಗಳಲ್ಲಿ ಹಳದಿ ಮತ್ತೆ ಬರುವುದುಂಟು. ಹಳೆಯ ಮೈ ಗಡಸಾಗಿ, ಬಿಚ್ಚುವಾಗಲೇ ಅದರ ಕೊಕ್ಕೆಗಳು ಮುರಿಯುವುದೂ ಉಂಟು. ಬಿಸಿಲು ಬೀಳದ, ಸೆಕೆ ಕಡಮೆಯಿರುವ ಕಡೆ ಇಟ್ಟು ಬಟ್ಟೆ ಹೊದಿಸುವುದೇ ಯಂತ್ರಕ್ಕೆ ಮಾಡುವ ಹೆಚ್ಚಿನ ಉಪಕಾರ.

ಆದುದರಿಂದ ನಮ್ಮ ಸಲಹೆ ಇಷ್ಟೆ: ಕೊಳ್ಳುವಾಗ ಬಣ್ಣವನ್ನು ನೋಡಿ ಬೆಲೆ ಕಟ್ಟಬೇಡಿ. ಹಳದಿ ಎಂದ ಮಾತ್ರಕ್ಕೆ ಯಂತ್ರ ಕೆಟ್ಟಿಲ್ಲ. ಬೆಳ್ಳಗಿದೆ ಎಂದ ಮಾತ್ರಕ್ಕೆ ಒಳಗೆ ನೆಟ್ಟಗಿದೆಯೆಂದೂ ಅಲ್ಲ. ಅಂಗಡಿಯಲ್ಲಿಯೇ ಹಚ್ಚಿಸಿ, ಒಂದೊಂದು ಕೀಲಿಯನ್ನೂ ಒತ್ತಿ ನೋಡಿರಿ. ಊರಿನ ಹುಡುಗ ಅದರ ಮೇಲೆ ಕನ್ನಡದಲ್ಲಿ ತನ್ನ ಹೆಸರನ್ನು ಬರೆಯುವಾಗ, ಮೈಯ ಬಣ್ಣವನ್ನು ಯಾರೂ ಕೇಳುವುದಿಲ್ಲ.